ಕೆಲ್ವಿನ್ನನ ಪಾಲಿನ ಗಾಳಿ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗಾರ್ತ್ ನಾಯ್ಮನ್ ಡಲ್ಸಿ ಪ್ಯಾಸ್ಕೋಳ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೇ ಸುಳ್ಳನ್ನು ಹೇಳಿದ. ಎರಡು ವರ್ಷದಿಂದ ಹೇಳಿ ಹೇಳಿ ಅದು ಅವನ ಬಾಯಲ್ಲಿ ಕುಶಲ ವಿಚಾರಿಸುವಷ್ಟು ಸಲೀಸಾಗಿತ್ತು.

“ಕೆಲ್ವಿನ್ ಎಲ್ಲಪ್ಪಾ?” ಎಂದಳು ಡಲ್ಸಿ.

“ಗೇಟ್ ಹತ್ರ ಗಾಡೀಲಿ ಕೂತಿದಾನೆ. ಮೊಣಕಾಲು ನೋವಂತೆ, ಇಳಿಯೋಕೆ ಸೋಮಾರಿತನ.”

“ಅವನ ಮೊಣಕಾಲು ಅವನಿಗಿಂತ ಮೊದ್ಲೇ ರಿಟೈರ್ ಆಯ್ತು ಬಿಡು.” ಎಪ್ಪತ್ತೈದರ ಡಲ್ಸಿ ಮೊಳೆಯಿಂದ ಕೀಲಿ ತೆಗೆದು ಅವನ ಕೈಗಿಟ್ಟಳು.

ಮೌಂಟ್ ಗ್ಯಾಂಬಿಯರ್ ಊರಿನ ಸುತ್ತಿನ ಸುಣ್ಣಕಲ್ಲಿನ ನೆಲವೇ ಹಾಗೆ. ಹಸು ಮೇಯುವ ಬಯಲಿನ ನಡುವೆ ಇದ್ದಕ್ಕಿದ್ದಂತೆ ನೆಲ ಬಾಯಿ ಬಿಟ್ಟಿರುತ್ತದೆ. ಇಣುಕಿದರೆ ತಿಳಿನೀರು, ನೀರಿನ ಕೆಳಗೆ ಗವಿ. ಡಲ್ಸಿಯ ಬಯಲಿನ ಗುಂಡಿಗೆ ಅವಳ ಗಂಡ ಬದುಕಿದ್ದಾಗಲೇ ಬೇಲಿ ಕಟ್ಟಿ ಬೀಗ ಹಾಕಿದ್ದ. ಅವನು ಮಾಡಿದ್ದ ಕಟ್ಟಳೆ ಒಂದೇ: ಮುಳುಗಲು ಒಬ್ಬನೇ ಇಳಿಯುವಂತಿಲ್ಲ. ಇಬ್ಬರು ಬಂದರೆ ಕೀಲಿ, ಒಬ್ಬನೇ ಬಂದರೆ ಇಲ್ಲ.

ಕೆಲ್ವಿನ್ ರೋವ್ ಸತ್ತು ಎರಡು ವರ್ಷವಾಗಿತ್ತು. ನೀರಿನಲ್ಲಲ್ಲ, ಆಸ್ಪತ್ರೆಯ ಮಂಚದಲ್ಲಿ, ಎದೆನೋವಿನಿಂದ. ಊರಿಗೆಲ್ಲ ತಿಳಿದದ್ದರಿಂದ ಯಾರೂ ಗಾರ್ತ್‌ನನ್ನು ಕೇಳಲಿಲ್ಲ, ಕೇಳದಿದ್ದರಿಂದ ಅವನೂ ಯಾರಿಗೂ ಹೇಳಲಿಲ್ಲ. ಆ ಸಾವಿನ ಮಾತು ಅವನ ಬಾಯಿಂದ ಒಮ್ಮೆಯೂ ಹೊರಬಂದಿರಲಿಲ್ಲ. ಮೂಲೆಯ ತೋಟದಲ್ಲಿ ಒಂಟಿಯಾಗಿರುವ ಡಲ್ಸಿಗೆ ಸುದ್ದಿ ಮುಟ್ಟಿಲ್ಲವೆಂದು ಅವನು ನಂಬಿದ್ದ. ಮುಟ್ಟಿದರೆ ಕೀಲಿ ಹೋಯಿತು, ಕೀಲಿ ಹೋದರೆ ವಾರದ ಏಳೂ ದಿನ ಸೋಮವಾರವೇ.

ಗಾರ್ತ್‌ಗೆ ಈಗ ಅರವತ್ತಾರು. ಮೂವತ್ತೆಂಟು ವರ್ಷ ಕಲ್ಲಿನ ಗಣಿಯಲ್ಲಿ ಗರಗಸ ಹಿಡಿದವನು. ಅದರ ಕಾಣಿಕೆಯಾಗಿ ಬಲ ಭುಜ ಸರಿಯಾಗಿ ಮೇಲೇಳುವುದಿಲ್ಲ. ಮದುವೆಯಾದ ನಾಲ್ಕನೆಯ ವರ್ಷ ಹೆಂಡತಿ ದೂರದ ಪರ್ತ್‌ಗೆ ಹೋದಳು, ಮರಳಲಿಲ್ಲ. ಕೆಲ್ವಿನ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ, ಅವನದೂ ಒಂಟಿ ಬಾಳು. ಮೂವತ್ತೊಂದು ವರ್ಷ ಭಾನುವಾರ ತಪ್ಪದೆ ಇಬ್ಬರೂ ಒಟ್ಟಿಗೆ ಇಳಿದರು. ನೀರಿನಲ್ಲಿ ಮಾತಾಡಲಾಗದು ಎಂಬುದೇ ಇಬ್ಬರಿಗೂ ಹಿಡಿಸಿದ್ದಿರಬೇಕು. ಮೇಲೆ ಬಂದ ಮೇಲೆ ಗಾಡಿಯ ಹಿಂಬದಿಯಲ್ಲಿ ಕೂತು ಮಾಂಸದ ಪೈ ತಿಂದು, ಫುಟ್‌ಬಾಲ್ ತಂಡವನ್ನು ಬೈದು, ಮನೆಗೆ ಹೋಗುವುದು. ಇಂಥ ಗೆಳೆತನಕ್ಕೆ ಜನ ಏನು ಹೆಸರಿಡುತ್ತಾರೋ ನಾನರಿಯೆ. ಅವರಿಬ್ಬರಂತೂ ಇಟ್ಟಿರಲಿಲ್ಲ.

ಕಡಲಿಗೆ ಹಾರುವವರು ಗವಿಗೆ ಇಳಿಯುವವರನ್ನು ಕಂಡರೆ ಕಿಚಾಯಿಸದೆ ಬಿಡುವುದಿಲ್ಲ.

“ಏನಯ್ಯಾ ಗಾರ್ತ್, ಬೆನ್ನಿಗೆ ಎರಡು ಹಾಲಿನ ಕ್ಯಾನು ಕಟ್ಕೊಂಡು ಹೊರಟ್ಯಲ್ಲ, ಹಸು ಎಲ್ಲಿ?”

“ಹಸು ಈಗ ತಾನೇ ಮಾತಾಡ್ತಲ್ಲಾ,” ಎನ್ನುತ್ತಿದ್ದ ಕೆಲ್ವಿನ್.

ಕಡಲಿನವನಿಗೆ ಗಾಳಿಯ ಒಂದೇ ಸಿಲಿಂಡರ್ ಸಾಕು. ಕೆಟ್ಟರೆ ತಲೆಯೆತ್ತಿ ಮೇಲೆ ಬಂದರಾಯಿತು, ಆಕಾಶವಿದೆ. ಗವಿಯಲ್ಲಿ ತಲೆಯೆತ್ತಿದರೆ ಕಲ್ಲು. ಅದಕ್ಕೇ ಬೆನ್ನಿಗೆ ಜೋಡಿ ಸಿಲಿಂಡರ್, ಎರಡನ್ನೂ ಕೂಡಿಸುವ ಕೊಳವೆ, ಕತ್ತಿನ ಹಿಂದೆ ಮೂರು ತಿರುಪು, ಉಸಿರಾಡಲು ಎರಡು ಬಾಯಿಕೊಳವೆ. ಒಂದು ಕಡೆ ಕೈಕೊಟ್ಟರೆ ಇನ್ನೊಂದು ಕಡೆಯಿಂದ ಬದುಕಿ ಬರಬಹುದು. ಗಾಳಿಯನ್ನೂ ಮೂರು ಪಾಲು ಮಾಡುತ್ತಾರೆ. ಹೋಗಲು ಒಂದು, ಬರಲು ಒಂದು. ಮೂರನೆಯ ಪಾಲು ನಿನ್ನದಲ್ಲ, ಜೊತೆಗಾರನದು. ಅವನ ಗಾಳಿ ಮುಗಿದರೆ ಕೊಡುವುದಕ್ಕೆಂದು ನೀನು ಹೊತ್ತದ್ದು. ಅವನೂ ನಿನಗಾಗಿ ಅಷ್ಟೇ ಹೊತ್ತಿರುತ್ತಾನೆ. ಗದ್ದದ ಕೆಳಗೆ ತೂಗುವ ಎರಡನೆಯ ಬಾಯಿಕೊಳವೆ ಇರುವುದೂ ಅವನಿಗೇ ಎಂದು ಗಾರ್ತ್‌ನ ಲೆಕ್ಕ.

ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಒಬ್ಬರದನ್ನು ಒಬ್ಬರು ಕೇಳುವ ಪ್ರಸಂಗ ಬರಲಿಲ್ಲ.

ಕೆಲ್ವಿನ್ ಹೋದ ಮೇಲೆ ಗಾರ್ತ್ ಮುಳುಗುವವರ ಕ್ಲಬ್ಬಿನಲ್ಲಿ ಎರಡು ಸಲ ಜೊತೆಗಾರನನ್ನು ಕೇಳಿ ನೋಡಿದ. ಹರೆಯದವರು ಬಹಳ ಮರ್ಯಾದೆಯಿಂದ “ಆಮೇಲೆ ಹೇಳ್ತೀವಿ ಸರ್” ಎಂದರು. ಆ ಆಮೇಲೆ ಬರಲೇ ಇಲ್ಲ. ಮೂರನೆಯ ಸಲ ಕೇಳುವಷ್ಟು ಮುಖ ಅವನಿಗಿರಲಿಲ್ಲ. ಒಬ್ಬನೇ ಇಳಿಯತೊಡಗಿದ. ಮೂರನೆಯ ಪಾಲನ್ನು ಮಾತ್ರ ಮುಟ್ಟಲಿಲ್ಲ. ಭಾನುವಾರ ಸಂಜೆ ಹಿತ್ತಲಿನಲ್ಲಿ ಸಿಲಿಂಡರ್ ನಿಲ್ಲಿಸಿ ತಿರುಪು ಬಿಚ್ಚುತ್ತಿದ್ದ. ಕೆಲ್ವಿನ್ನನ ಪಾಲಿನ ಗಾಳಿ ಬುಸ್ಸೆಂದು ಹೋಗುವಾಗ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿರುತ್ತಿದ್ದ. ಇದು ಹುಚ್ಚು ಎಂದು ಅವನಿಗೂ ಗೊತ್ತಿತ್ತು. ಗೊತ್ತಾದ ಮಾತ್ರಕ್ಕೆ ಹುಚ್ಚು ಬಿಡುತ್ತದೆಯೇ?

ಬಿಡದೆ ಕಾಡುತ್ತಿದ್ದದ್ದು ಇನ್ನೊಂದು. ಮುಳುಗುವ ಮುನ್ನ ಕೆಲ್ವಿನ್ ಅವನ ಹಿಂದೆ ನಿಂತು ಮೂರು ತಿರುಪುಗಳನ್ನೂ ಮುಟ್ಟಿ, ತಿರುಗಿಸಿ ನೋಡಿ, ಹೆಗಲಿಗೆ ಎರಡು ಸಲ ತಟ್ಟುತ್ತಿದ್ದ. ಗಾರ್ತ್‌ನನ್ನು ವಾರಕ್ಕೊಮ್ಮೆ ಒಂದು ಮನುಷ್ಯಜೀವ ಮುಟ್ಟುತ್ತಿದ್ದದ್ದು ಅಷ್ಟೇ. ಈಗ ಅದೂ ಇಲ್ಲ. ಗಾರ್ತ್‌ನ ಕೈ ಆ ತಿರುಪುಗಳಿಗೆ ಎಟುಕುವುದಿಲ್ಲ, ಬೆನ್ನಿಗೇರಿಸುವ ಮೊದಲೇ ನೋಡಿಕೊಳ್ಳಬೇಕು.

ಆ ಭಾನುವಾರ ನೋಡಿಕೊಳ್ಳಲಿಲ್ಲ. ಹಿಂದಿನ ದಿನ ಎಲ್ಲೋ ಗಾಳಿ ಸೋರುತ್ತಿದೆಯೆಂಬ ಅನುಮಾನಕ್ಕೆ ನಡುವಿನ ತಿರುಪನ್ನು ಮುಚ್ಚಿ ಪರೀಕ್ಷಿಸಿದ್ದ. ತೆರೆಯಲು ಮರೆತಿದ್ದ. ನಡುವಿನದು ಮುಚ್ಚಿದರೆ ಜೋಡಿ ಸಿಲಿಂಡರ್ ಬೇರೆ ಬೇರೆ. ಅವನು ಉಸಿರಾಡುತ್ತಿದ್ದದ್ದು ಬಲಗಡೆಯಿಂದ, ಗಾಳಿ ಎಷ್ಟಿದೆಯೆಂದು ತೋರಿಸುವ ಮುಳ್ಳು ಎಡಗಡೆಯದು.

ಇಳಿದ. ದಾರಿ ತಪ್ಪದಿರಲೆಂದು ಕಟ್ಟಿದ್ದ ದಾರ ಹಿಡಿದು ಗವಿಯೊಳಗೆ ಸಾಗಿದ. ಸ್ವಲ್ಪ ಹೊತ್ತಿಗೆ ಮುಳ್ಳು ನೋಡಿದ, ಅಲುಗಿರಲಿಲ್ಲ. ಮತ್ತಷ್ಟು ಹೋಗಿ ನೋಡಿದ, ಅಲ್ಲೇ ಇತ್ತು. ಮುದುಕನಾದರೂ ಉಸಿರು ಎಷ್ಟು ಹಿಡಿತದಲ್ಲಿದೆ ಎಂದು ಅವನಿಗೆ ಜಂಭವೇ ಬಂತು. ನೀಲಿ ನೀರು, ಬಿಳಿ ಕಲ್ಲು, ಯಾರಿಗೂ ಸುಳ್ಳು ಹೇಳಬೇಕಾಗಿಲ್ಲದ ಜಾಗ. ಬಹಳ ದಿನದ ಮೇಲೆ ಮನಸ್ಸು ಹಗುರವಾಯಿತು, ಮುಳ್ಳಿನ ಮೇಲೆ ಅನುಮಾನವೇ ಬರಲಿಲ್ಲ.

ಉಸಿರು ಬಿಗಿಯಾಯಿತು. ಮುಂದಿನದನ್ನು ಎಳೆದರೆ ಬರಲಿಲ್ಲ.

ಮೇಲೆ ಕಲ್ಲು. ಅವನು ಮಾಡಿದ ಮೊದಲ ಕೆಲಸ ತಿರುಗಿ ಕೆಲ್ವಿನ್‌ನನ್ನು ಹುಡುಕಿದ್ದು. ಹಿಂದೆ ಬರೀ ನೀರಿತ್ತು. ಆಮೇಲೆ ಕೈ ತಾನಾಗಿ ಗದ್ದದ ಕೆಳಗೆ ಹೋಯಿತು. ಯಾರೂ ಎಂದೂ ಬಾಯಿಗಿಡದ ಆ ಬಾಯಿಕೊಳವೆಯನ್ನು ಕಚ್ಚಿ ಎಳೆದ. ಗಾಳಿ ಬಂತು.

ಬಲಗಡೆಯ ಅರ್ಧ ಗಾಳಿಯಲ್ಲಿ ಒಳಗೆ ಬಂದಾಗಿತ್ತು, ಎಡಗಡೆಯ ಅರ್ಧದಲ್ಲಿ ಹೊರಗೆ ಹೋಗಬೇಕು. ಯಾರ ಪಾಲಿಗೂ ಏನೂ ಉಳಿಯುವುದಿಲ್ಲ. ಹೆದರಿದರೆ ಉಸಿರು ಹೆಚ್ಚು ಖರ್ಚಾಗುತ್ತದೆ ಎಂದು ಗೊತ್ತಿದ್ದೂ ಅವನು ಹೆದರಿದ. ಸಾಯಲು ಅಷ್ಟೊಂದು ಭಯವಿರಲಿಲ್ಲ. ತಾನು ಇಲ್ಲಿ ಸತ್ತರೆ ಸೋಮವಾರದವರೆಗೂ ಯಾರಿಗೂ ತಿಳಿಯುವುದಿಲ್ಲ, ಸೋಮವಾರವೂ ತಿಳಿಯಲಿಕ್ಕಿಲ್ಲ ಎಂಬುದೇ ಭಯ.

ಬೆಳಕಿಗೆ ಬಂದಾಗ ಮುಳ್ಳು ತಳ ಮುಟ್ಟುತ್ತಿತ್ತು. ಮರದ ಮೆಟ್ಟಿಲಿಗೆ ಜೋತುಬಿದ್ದು ಕೆಮ್ಮುತ್ತ ತಲೆಯೆತ್ತಿದ. ಗುಂಡಿಯ ಅಂಚಿನಲ್ಲಿ ಏಪ್ರನ್ ತೊಟ್ಟು, ಗಮ್ ಬೂಟು ಹಾಕಿಕೊಂಡ ಡಲ್ಸಿ ನಿಂತಿದ್ದಳು.

“ಕೆಲ್ವಿನ್ ಇನ್ನೂ ಒಳಗಿದಾನಾ?” ಎಂದಳು.

ಗಾರ್ತ್‌ಗೆ ಸುಳ್ಳು ಸಿಗಲಿಲ್ಲ.

“ಪೇಪರ್‌ನಲ್ಲಿ ಬಂದಿತ್ತು ಕಣೋ. ಅವತ್ತೇ ಓದಿದೆ.”

“ಮತ್ತೆ ಕೀಲಿ ಯಾಕೆ ಕೊಟ್ರಿ?”

“ಕೊಡದಿದ್ರೆ ಇನ್ನೆಲ್ಲೋ ಹೋಗಿ ಇಳೀತಿದ್ದೆ. ಇಲ್ಲಾದ್ರೆ ಅಡುಗೆಮನೆ ಕಿಟಕೀಲಿ ಕಾಣ್ಸುತ್ತೆ. ಎರಡು ವರ್ಷದಿಂದ ಪ್ರತಿ ಭಾನುವಾರ ಆ ಕಿಟಕೀಲಿ ನಿಂತಿದೀನಿ, ನಿನ್ನ ದರಿದ್ರ ರಬ್ಬರ್ ಟೋಪಿ ಮೇಲೆ ಬರೋವರ್ಗೂ. ಇವತ್ತು ಹನ್ನೆರಡಾದ್ರೂ ಬರ್ಲಿಲ್ಲ.” ಅವಳು ಕೀಲಿಗಾಗಿ ಕೈ ಚಾಚಿದಳು. “ನಂಗೆ ಆಗಲ್ಲಪ್ಪ. ಇನ್ನು ಕೀಲಿ ಇಲ್ಲ. ಇವತ್ತಿಗೆ ಮುಗೀತು.”

ಅವನು ಮೆಟ್ಟಿಲು ಹತ್ತಿ ಬಂದ. ಕೀಲಿಯನ್ನು ಅವಳ ಕೈಗೆ ಕೊಟ್ಟ. ಅವಳು ಹಿಂದೆ ನೋಡದೆ ಮನೆಯತ್ತ ನಡೆದಳು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅವನೂ ಹಿಂಬಾಲಿಸಿದ.

ಮೂವತ್ತಮೂರು ವರ್ಷ ಬಾಗಿಲಲ್ಲೇ ನಿಂತು ಹೋಗಿದ್ದವನು ಅಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತ. ಬಟ್ಟೆಯಿಂದ ನೀರು ಇಳಿದು ನೆಲ ಒದ್ದೆಯಾಗುತ್ತಿತ್ತು. ಡಲ್ಸಿ ಬೈಯಲಿಲ್ಲ, ಚಹಾಕ್ಕೆ ನೀರಿಟ್ಟಳು.

“ಅವನು ಸತ್ತ, ಡಲ್ಸಿ.”

“ಗೊತ್ತು ಕಣಪ್ಪ.”

“ನಿಮಗೆ ಗೊತ್ತು. ಊರಿಗೆಲ್ಲ ಗೊತ್ತು. ನಾನು ಯಾರಿಗೂ ಹೇಳೇ ಇಲ್ಲ. ಒಂದ್ಸಲ ಹೇಳ್ಬೇಕು.”

ಡಲ್ಸಿ ಒಲೆ ಆರಿಸಿದಳು. ಎದುರಿನ ಕುರ್ಚಿ ಎಳೆದು ಕೂತು, “ಹೇಳು,” ಎಂದಳು.

“ಮಂಗಳವಾರ ಆಸ್ಪತ್ರೆಯಿಂದ ಫೋನ್ ಬಂತು,” ಎಂದು ಗಾರ್ತ್ ಶುರುಮಾಡಿದ. ಅಲ್ಲಿಂದ ಮುಂದೆ ಹೋಗಲಾಗದೆ, ಅರವತ್ತಾರರ ಆ ಮನುಷ್ಯ ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟ.