ಸೂಲಗಿತ್ತಿ ಅಜ್ಜಿ ದಾರಿ ಬಿಟ್ಟ ದಿನ

ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಹಬ್ಬವೂ ಇಲ್ಲ, ರಜೆಯೂ ಇಲ್ಲ. ಆದ್ರೆ ಹಲಸೂರಿನ ಒಂದು ಮನೇಲಿ ಅವತ್ತು ಸತ್ತೋರಿಗೆ ಎಡೆ ಇಡ್ತಾರೆ, ಇನ್ನೊಂದು ಮನೇಲಿ ಹುಟ್ಟುಹಬ್ಬದ ಕೇಕು ಕುಯ್ತಾರೆ. ಎರಡೂ ಕಡೆ ಮೊದಲ ಮರ್ಯಾದೆ ನನಗೇ.

ನಾನು ತಮಟೆ ಬಡಿದ್ರೆ ಹಲಸೂರು ಕೆರೆ ನೀರೂ ಕುಣಿಯುತ್ತೆ. ಕೆಲವು ವರ್ಷದ ಹಿಂದೆ ಅದೇ ದಿನ ನಮ್ಮ ಬೀದಿಯ ಸೂಲಗಿತ್ತಿ ಅಜ್ಜಿ ಹೆಣವನ್ನ ಹೂವಿನ ಪಲ್ಲಕ್ಕೀಲಿ ಕೂರಿಸಿಕೊಂಡು ಹೊರಟಿದ್ವಿ. ನಾನು ಅಜ್ಜಿ ಕಡೆಗೇ ಮುಖ ಮಾಡಿ, ಹಿಂದಿಂದಕ್ಕೆ ಹೆಜ್ಜೆ ಹಾಕ್ತಾ ಬಡೀತಿದ್ದೆ. ಸಾಂಬ್ರಾಣಿ ಹೊಗೇಲಿ ರಸ್ತೆಯೇ ತೇಲ್ತಿತ್ತು.

ಪಲ್ಲಕ್ಕಿ ಹಿಂದೊಂದು ಆಟೋ ಸಿಕ್ಕಿಹಾಕ್ಕೊಂಡಿತ್ತು. ಅದರೊಳಗಿಂದ ಒಬ್ಬ ಓಡಿಬಂದ.

"ಯಜಮಾನ್ರೇ, ದಾರಿ ಬಿಡಿಸ್ರೀ! ನನ್ನ ಹೆಂಡ್ತಿಗೆ ಹೆರಿಗೆ ನೋವು."

ನಾನು ತಮಟೆ ನಿಲ್ಲಿಸಿದೆ. ಅಜ್ಜಿ ಮಗ ರೇಗಿದ.

"ಸುಡುಗಾಡು ಮುಟ್ಟೋವರೆಗೂ ತಮಟೆ ನಿಲ್ಲಬಾರದು ಕಣಣ್ಣಾ!"

"ನಿಮ್ಮವ್ವ ಯಾವತ್ತಾದ್ರೂ ಹೆರೋಳನ್ನ ಬಿಟ್ಟು ಮುಂದೆ ಹೋಗಿದ್ಲೇನೋ?"

ಅವನು ಬಾಯಿ ತೆರೆಯೋಕೆ ಮುಂಚೆ ಅಜ್ಜಿ ಮೆಲ್ಲಗೆ, ಪಲ್ಲಕ್ಕಿ ಸಮೇತ, ಎಡಕ್ಕೆ ಸರಿದಳು. ಮಲ್ಲಿಗೆ ಉದುರಿದ ಜಾಗದಲ್ಲಿ ಆಟೋ ನುಗ್ಗಿತು. ಆಸ್ಪತ್ರೆ ಬಾಗಿಲಲ್ಲೇ ಹೆಣ್ಣುಕೂಸು! ಅದು ಮತ್ತೆ ಶುರುವಾದ ನನ್ನ ತಮಟೆ ತಾಳಕ್ಕೇ ಅತ್ತಿತು.

ಹೊತ್ತೋರು ಎಡವಿದ್ರು, ಅಷ್ಟೇ ಅಂತಾರೆ ಜನ. ಪಲ್ಲಕ್ಕಿ ಕೆಳಗೆ ತಲೆ ತಗ್ಗಿಸಿದ್ದೋರಿಗೆ ಮೇಲೆ ನಡೆದಿದ್ದು ಏನು ಗೊತ್ತು?