ಚಿಕ್ಕಬೀರಪ್ಪನ ನಾಲ್ಕನೇ ಗಂಟೆ

ಕೂರುವುದು ನನಗೆ ದೇವರು ಕೊಟ್ಟ ಒಂದೇ ವಿದ್ಯೆ. ಶಿಕಾರಿಪುರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತನಾಗಿ ಕೂತು, ಎರಡು ಕುರ್ಚಿಗಳ ಬೆತ್ತ ಹರಿದವನು ನಾನು. ಅಕ್ಕ ಈಶ್ವರಮ್ಮನ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಮಧ್ಯಾಹ್ನ ಡಯಾಲಿಸಿಸ್‌ಗೆ ಯಾರು ಕರೆದೊಯ್ಯಬೇಕು ಎಂಬ ಪ್ರಶ್ನೆ ಎದ್ದಾಗ ಮನೆಯವರೆಲ್ಲ ನನ್ನತ್ತಲೇ ನೋಡಿದರು. ನಾಲ್ಕು ಗಂಟೆ ಸ್ಟೂಲಿನ ಮೇಲೆ ಕೂರುವುದಕ್ಕೆ ಇಷ್ಟು ಅನುಭವಸ್ಥ ಇನ್ನೊಬ್ಬ ಸಿಗಬೇಕಲ್ಲ.

ಆಸ್ಪತ್ರೆಯಲ್ಲಿ ಅಕ್ಕನ ಪಕ್ಕದ ಹಾಸಿಗೆಯವನು ಚಿಕ್ಕಬೀರಪ್ಪ. ಸೊರಬ ತಾಲ್ಲೂಕು, ಆನವಟ್ಟಿ ಕಡೆಯ ಹಳ್ಳಿಯವನು. ವಯಸ್ಸು ಅರವತ್ತರ ಹತ್ತಿರ. ನಲವತ್ತು ಕುರಿಗಳ ಯಜಮಾನ. ಯಾರೇ ಎದುರಾಗಲಿ, ಅವನು ಮೊದಲು ನೋಡುವುದು ಕಾಲು. ಮುಖದ ಸರದಿ ಆಮೇಲೆ. ನನ್ನನ್ನೂ ಬಾಗಿಲಿಂದ ಸ್ಟೂಲಿನವರೆಗೆ ಹಾಗೆಯೇ ನೋಡಿದ.

“ಮ್ಯಾಷ್ಟ್ರೇ, ಎಡಗಾಲು ಸ್ವಲ್ಪ ಎಳೀತೀರಲ್ಲ?”

“ನಾನು ಮೇಷ್ಟ್ರಲ್ಲ, ಗುಮಾಸ್ತ.”

“ಅದಕ್ಕ ಮತ್ತ,” ಎಂದ.

ಮೊದಲ ಮೂರು ಗಂಟೆ ಅವನಷ್ಟು ಒಳ್ಳೆಯ ಸಂಗಾತಿ ಇಲ್ಲ. ಮೂರು ಮುಗಿಯುತ್ತಿದ್ದಂತೆ ಹೊದಿಕೆಯೊಳಗೆ ಕಾಲುಗಳು ಕದಲತೊಡಗುತ್ತಿದ್ದವು. ಮಡಿಸುವನು, ಚಾಚುವನು, ಒಂದು ಪಾದದಿಂದ ಇನ್ನೊಂದನ್ನು ಉಜ್ಜುವನು. ಕೊನೆಗೆ ನರ್ಸ್ ಸುಷ್ಮಿತಾಳಿಗೆ ಕೂಗು ಹೋಗುತ್ತಿತ್ತು.

“ಸಿಸ್ಟ್ರವ್ವಾ, ಸೂಜಿ ತಗೀ. ಮರಿ ಬಿಡೋ ಹೊತ್ತಾತು.”

ಮೇಯಲು ಹೋದ ಕುರಿಗಳು ಸಂಜೆ ಮರಳಿದಾಗ ದೊಡ್ಡಿಯಲ್ಲಿ ಕೂಡಿಟ್ಟ ಮರಿಗಳನ್ನು ಹಾಲಿಗೆ ಬಿಡಬೇಕು. ಯಾವ ಮರಿ ಯಾವ ತಾಯಿಯದು ಎಂಬುದು ತನಗೊಬ್ಬನಿಗೇ ಗೊತ್ತು ಎಂದು ಅವನ ವಾದ.

“ಇನ್ನೂ ಒಂದು ಗಂಟೆ ಐತಜ್ಜಾ. ಮರಿ ಕಾಯ್ತಾವೆ.”

“ಮರಿ ಕಾಯ್ತಾವು, ಅವುಗಳ ಹೊಟ್ಟಿ ಕಾಯಬೇಕಲ್ಲವ್ವ!”

ಸ್ವಂತ ಜವಾಬ್ದಾರಿಯ ಕಾಗದಕ್ಕೆ ರುಜು ಹಾಕಿ ಎದ್ದೇಬಿಡುತ್ತಿದ್ದ. ಹೀಗೆ ಬಿಟ್ಟುಹೋದ ಗಂಟೆಗಳಲ್ಲಿ ಮಿಷನ್ನು ತೆಗೆಯಬೇಕಿದ್ದ ನೀರೆಲ್ಲ ಮೈಯಲ್ಲೇ ಉಳಿದು, ಹಿಂದಿನ ತಿಂಗಳು ಉಸಿರು ಕಟ್ಟಿ, ಶಿವಮೊಗ್ಗಕ್ಕೆ ಹೊತ್ತೊಯ್ದಿದ್ದರು. ಇನ್ನೊಮ್ಮೆ ಹಾಗಾದರೆ ಜೀವ ಉಳಿಸುವುದು ಕಷ್ಟ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ನಾನೂ ಕೂರುವುದರ ಮಹಿಮೆಯ ಬಗ್ಗೆ ಅವನಿಗೊಂದು ಉಪನ್ಯಾಸ ಕೊಟ್ಟೆ. ಅವನು ಅದರ ಮಧ್ಯದಲ್ಲೇ ಎದ್ದುಹೋದ.

ಒಂದು ದಿನ ಅಕ್ಕನದು ಮುಗಿಸಿಕೊಂಡು ಹೊರಬಂದರೆ, ಗಂಟೆಯ ಹಿಂದೆಯೇ ಮರಿ ಬಿಡಲು ಹೋಗಿದ್ದ ಆಸಾಮಿ ಆಸ್ಪತ್ರೆಯ ಅಂಗಳದ ಬೇವಿನ ಮರ ಸುತ್ತುತ್ತಿದ್ದಾನೆ! ಅವನ ಹೆಂಡತಿ ಮಾಳಮ್ಮ ಚೀಲ ತಬ್ಬಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಆನವಟ್ಟಿ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.

“ಏನ್ರೀ, ಮರಿ?” ಎಂದೆ.

“ಮರಿ ಬಿಡಾಕ ಮಗ ಮಾಳೇಶ ಅದಾನ್ರೀ,” ಎಂದಳು ಮಾಳಮ್ಮ. “ಇವರದು ಬ್ಯಾರೆ ಐತಿ.”

“ನೀ ಸುಮ್ಕಿರು,” ಎಂದ ಚಿಕ್ಕಬೀರಪ್ಪ.

“ಯಾಕ ಸುಮ್ಕಿರ್ಲಿ? ದಿನಾ ಮಗ್ಗಲದಾಗ ಒದೆಸ್ಕೊಳ್ಳಾಕಿ ನಾನು!”

ಮರಕ್ಕೆ ಇನ್ನೊಂದು ಸುತ್ತು ಹಾಕಿ ಬಂದು ಅವನು ಬಾಯಿಬಿಟ್ಟ. “ಮಕ್ಕೊಂಡ್ರ ಮೀನಖಂಡದೊಳಗ ಇರುವಿ ಹರದಂಗ ಆಗತೈತ್ರೀ. ನೋವಲ್ಲ, ತುರಿಕಿ ಅಲ್ಲ. ಎದ್ದು ನಡದ್ರ ಹೋಗತೈತಿ. ಕುಂತ್ರ ಮತ್ತ ಹಾಜರು.”

“ಡಾಕ್ಟರಿಗೆ ಹೇಳಬಾರದೇನ್ರೀ?”

ಅವನು ದನಿ ತಗ್ಗಿಸಿದ. “ಹಿಂಡಿನ್ಯಾಗ ಕಾಲು ಕೆಟ್ಟಿದ್ದನ್ನ ಮೊದಲು ಸಂತಿಗೆ ಹೊಡೀತೀವ್ರೀ. ಎಷ್ಟು ಹೊಡದೀನಿ ನಾನೇ. ಒಂದ್ ಹಾಸಿಗಿಗೆ ಹನ್ನೊಂದು ಮಂದಿ ಪಾಳಿ ಹಚ್ಯಾರ. ಕಿಡ್ನಿನೂ ಹೋಗೈತಿ, ಕಾಲೂ ಹೋಗೈತಿ, ಇವಗ್ಯಾಕ ಮಿಷನ್ನು ಅಂದುಬಿಟ್ರ?”

ನಗು ಬರಬೇಕಿತ್ತು, ಬರಲಿಲ್ಲ. ಕಣ್ಣು ಮಂಜಾದದ್ದನ್ನು ಹೆಡ್‌ಮಾಸ್ಟರರಿಂದ ಮೂರು ವರ್ಷ ಮುಚ್ಚಿಟ್ಟವನು ನಾನು. ಆ ಮೂರು ವರ್ಷ ಪಾಸಾದ ಹುಡುಗರು ನಾನು ಬರೆದ ಟಿ.ಸಿ.ಯಲ್ಲಿ ತಂದೆಯ ಹೆಸರು ತಿದ್ದಿಸಲು ಇವತ್ತಿಗೂ ಬರುತ್ತಾರೆ.

ಮುಂದಿನ ಸರದಿಯಲ್ಲಿ ಮಾಳಮ್ಮ ಬುದ್ಧಿವಂತಿಕೆ ತೋರಿಸಿದಳು. ಗಂಡನ ಕೈಗೆ ಎರಡೂ ಸೂಜಿ ಹಾಕುವವರೆಗೆ ಬಾಯಿ ಬಿಡಲಿಲ್ಲ. ಇನ್ನು ಓಡಲಾರ ಎಂದು ಖಾತ್ರಿಯಾದ ಮೇಲೆ ಡಾಕ್ಟರನ್ನು ಕರೆದು ಇರುವಿಯಿಂದ ಒದೆಯವರೆಗೆ ಎಲ್ಲವನ್ನೂ ಒಪ್ಪಿಸಿದಳು. ಚಿಕ್ಕಬೀರಪ್ಪ ಕಣ್ಣು ಮುಚ್ಚಿ ಮಲಗಿದ್ದ.

ಡಾಕ್ಟರು ಮಂಚದ ಅಂಚಿಗೆ ಕೂತರು. “ಯಜಮಾನ್ರೇ, ನಿಮ್ಮ ಕಾಲು ಗಟ್ಟಿಯಾಗೇ ಇದೆ. ಕಿಡ್ನಿ ಹೋದ ಎಷ್ಟೋ ಜನಕ್ಕೆ ಹೀಗಾಗುತ್ತೆ. ಇದಕ್ಕೆ ಔಷಧಿ ಇದೆ. ಹಾಸಿಗೆ ನಿಮ್ಮದೇ, ಯಾರಿಗೂ ಕೊಡಲ್ಲ.”

“ಡಾಕ್ಟ್ರೇ, ನನಗೂ ಹಾಗೇ ಆಗುತ್ತೆ,” ಎಂದಿತು ಒಂದು ಸಣ್ಣ ದನಿ.

ನನ್ನಕ್ಕ! ತಮ್ಮನಿಗೆ ಇನ್ನೊಂದು ತೊಂದರೆ ಯಾಕೆ ಎಂದು ಹಲ್ಲು ಕಚ್ಚಿ ಮಲಗುತ್ತಿದ್ದಳಂತೆ. ಒಂದು ವರ್ಷ ಅವಳ ಕಾಲಿನಿಂದ ಎರಡಡಿ ದೂರದಲ್ಲಿ ಕೂತಿದ್ದೆ ನಾನು. ಕೂತಿದ್ದೆ, ಅಷ್ಟೇ.

“ಅಕ್ಕಾರ ಕಾಲು ನಾ ಮೊದಲನೇ ದಿನಾನೇ ನೋಡೀನಿ,” ಎಂದ ಚಿಕ್ಕಬೀರಪ್ಪ ಕಣ್ಣು ತೆರೆಯದೆ. “ಹೇಳಿದ್ರ ಅವರನ್ನೂ ಸಂತಿಗೆ ಹೊಡೀತಾರಂತ ಸುಮ್ನಿದ್ದೆ.”

ಇಬ್ಬರ ರಕ್ತ ಪರೀಕ್ಷೆಯಾಯಿತು. ಅವನಿಗೆ ಕಬ್ಬಿಣದ ಅಂಶ ತೀರಾ ಕಡಿಮೆ, ಅದಕ್ಕೊಂದು ಇಂಜೆಕ್ಷನ್. ಇಬ್ಬರಿಗೂ ಒಂದೊಂದು ಚಿಕ್ಕ ಮಾತ್ರೆ. ಸಂಜೆಯ ಚಹಾ ಬಂದ್. ಮೂರನೇ ಗಂಟೆ ದಾಟಿದ ಮೇಲೆ ಕಾಲು ತಿಕ್ಕುವುದು ಜೊತೆಗೆ ಬಂದವರ ಕೆಲಸ. ಮಾಳಮ್ಮ ತಿಕ್ಕುವುದನ್ನು ನೋಡಿ ಕಲಿತು ನಾನೂ ಅಕ್ಕನ ಕಾಲು ತಿಕ್ಕತೊಡಗಿದೆ. “ಫೈಲಿನ ಧೂಳು ಒರೆಸಿದ ಹಾಗೆ ಒರೆಸಬೇಡ್ವೋ,” ಎಂದು ಅಕ್ಕ ಬೈಯುತ್ತಿದ್ದಳು.

ಮೊದಲ ವಾರ ಚಿಕ್ಕಬೀರಪ್ಪ ಮೂರೂಕಾಲು ಗಂಟೆ ಮಲಗಿ ಎದ್ದ, ಎರಡನೇ ವಾರ ಮೂರೂವರೆ ಗಂಟೆ. ನಾಲ್ಕನೇ ವಾರದ ಒಂದು ಸಂಜೆ ಮಿಷನ್ನು ತಾನಾಗಿಯೇ ಕೂಗಿಕೊಂಡಿತು. ಅವನು ಗಾಬರಿಯಾಗಿ ತಲೆ ಎತ್ತಿದ.

“ಏನಾತು ಇದಕ್ಕ?”

“ಏನಿಲ್ಲಜ್ಜಾ, ನಾಲ್ಕು ಗಂಟೆ ಮುಗೀತು,” ಎಂದಳು ಸುಷ್ಮಿತಾ. “ಇಷ್ಟು ದಿನ ನೀ ಇದನ್ನ ಕೇಳೇ ಇರಲಿಲ್ಲ.”

ಮಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಅವನ ಕೈ ಕುಲುಕಲೆಂದು ಠೀವಿಯಿಂದ ಎದ್ದೆ. ಎಡಗಾಲು ಜೋಮು ಹಿಡಿದು ಸ್ಟೂಲಿನ ಸಮೇತ ಅವನ ಮಂಚದ ಮೇಲೆ ಬಿದ್ದೆ.

ಚಿಕ್ಕಬೀರಪ್ಪ ನನ್ನ ಕಾಲನ್ನು ಸಾವಕಾಶವಾಗಿ ಮೇಲಿನಿಂದ ಕೆಳಗಿನವರೆಗೆ ನೋಡಿದ.

“ಸಿಸ್ಟ್ರವ್ವಾ, ನಾವೆಲ್ಲಾ ಇಲ್ಲೇ ಇರ್ತೀವಿ,” ಎಂದ. “ಈ ಗುಮಾಸ್ತರನ್ನ ಮಾತ್ರ ಸಂತಿಗೆ ಹೊಡದುಬಿಡ್ರಿ.”