ಗೋದಕ್ಕನ ಕಪ್ಪು ಕಿಸೆ

ಪಗಾರದ ದಿನ ಸಂಜೆ ಗೋದಕ್ಕ ತನ್ನ ಎರಡೂ ಅಂಗೈಗಳನ್ನು ದೀಪದ ಮುಂದೆ ಚಾಚಿ, ಬರಿಗೈ ಎಂದು ಮನೆಯವರಿಗೆಲ್ಲ ತೋರಿಸುತ್ತಿದ್ದಳು. ಪಡಸಾಲೆಯಲ್ಲಿ ಅವಳ ಗಂಡ ರಾಘಪ್ಪ, ಕಂಬಕ್ಕೆ ಒರಗಿದ ಅತ್ತೆ, ಇಬ್ಬರು ಹೆಣ್ಣುಮಕ್ಕಳು ಕೂತಿರುತ್ತಿದ್ದರು. ಎರಡು ಮನೆಗಳ ನಡುವಿನ ಮೋಟುಗೋಡೆಯ ಈಚೆಗೆ, ಕೈಯಲ್ಲಿ ಹಿತ್ತಾಳೆ ಬಟ್ಟಲು ಹಿಡಿದುಕೊಂಡು, ನಾನು.

"ಕೈ ಖಾಲಿ ಆತು. ಇನ್ನ ಚಹಾ ಇಡ್ತೀನಿ," ಎಂದು ಅವಳು ಏಳುತ್ತಿದ್ದಳು.

ಪಗಾರ ಬಂದ ದಿನವೇ ಕೈ ಖಾಲಿಯಾಯಿತೆಂದು ಹಿಗ್ಗುವ ಹೆಂಗಸನ್ನು ನಾನು ಅವಳೊಬ್ಬಳನ್ನೇ ಕಂಡದ್ದು. ನಮ್ಮ ಮನೆಯಲ್ಲೂ ಕೈ ಖಾಲಿಯಾಗುತ್ತಿತ್ತು. ಆದರೆ ಅದು ತಿಂಗಳ ನಡುವೆ, ಮತ್ತು ನಾವದನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಮುದ್ದೇಬಿಹಾಳದ ಪೇಟೆಯ ಹಿಂದಿನ ಓಣಿ ಅದು. ನಯೇ ಪೈಸೆ ಚಾಲ್ತಿಗೆ ಬಂದರೂ ಮುದುಕಿಯರು ಇನ್ನೂ ಆಣೆಯಲ್ಲೇ ಲೆಕ್ಕ ಹೇಳುತ್ತಿದ್ದ ಕಾಲ. ನಮ್ಮವರೂ ರಾಘಪ್ಪನೂ ಒಬ್ಬನೇ ಸಾಹುಕಾರನ ಅಡತಿ ಅಂಗಡಿಯಲ್ಲಿ ಕಾರಕೂನರು. ಒಂದೇ ಗಾದಿಯ ಮೇಲೆ ಕೂತು ಬರೆಯುತ್ತಿದ್ದರು, ಒಂದೇ ದಿನ ಒಂದೇ ಪಗಾರ ಎಣಿಸಿಕೊಳ್ಳುತ್ತಿದ್ದರು. ನನ್ನ ಹೊಟ್ಟೆಕಿಚ್ಚಿಗೆ ಮೂಲ ಇದೇ. ಅವರ ಪಗಾರ ಹೆಚ್ಚಿದ್ದರೆ ನಾನು ಸುಖವಾಗಿ ನಿದ್ದೆ ಮಾಡುತ್ತಿದ್ದೆ.

ಗೋದಕ್ಕನ ಅಡುಗೆಮನೆಯ ಬಾಗಿಲ ಪಕ್ಕ ಒಂದು ಉದ್ದನೆಯ ಬಟ್ಟೆ ತೂಗುತ್ತಿತ್ತು. ಹಳೆಯ ಕುಪ್ಪಸದ ಖಣಗಳನ್ನು ಕತ್ತರಿಸಿ ಅದಕ್ಕೆ ಸಾಲಾಗಿ ಕಿಸೆ ಹೊಲಿದಿದ್ದಳು. ಅತ್ತೆಗೆ ಓದು ಬರುತ್ತಿರಲಿಲ್ಲವಾದ್ದರಿಂದ ಹೆಸರು ಬರೆಯದೆ ಬಣ್ಣದ ಮೇಲೆ ಗುರುತು. ಹಸಿರು ಜೋಳಕ್ಕೆ, ಹಳದಿ ಎಣ್ಣೆಗೆ, ಕೆಂಪು ಹಬ್ಬಕ್ಕೆ, ನೀಲಿ ಮಕ್ಕಳ ಶಾಲೆಗೆ, ಬಿಳಿ ಔಷಧಕ್ಕೆ. ಬಾಡಿಗೆಗೊಂದು, ಬಂದ ಬೀಗರಿಗೊಂದು. ರಾಘಪ್ಪ ತಂದ ಪಗಾರವನ್ನು ಅವಳು ಮಡಿಲಲ್ಲಿ ಸುರಿದುಕೊಂಡು, ಒಂದೊಂದೇ ಕಿಸೆಯ ಹೆಸರು ಹೇಳಿ ತುಂಬುವಳು. ಕೊನೆಯ ಬಿಲ್ಲಿ ನಾಣ್ಯವೂ ಒಂದು ಕಿಸೆ ಸೇರುವವರೆಗೆ ಅಲ್ಲಿಂದ ಏಳುವವಳಲ್ಲ.

"ಹೆಸರಿಡದ ರೊಕ್ಕ ಬೆಣ್ಣಿ ಇದ್ಹಂಗ ಗಂಗಾ," ಎಂದು ನನಗೆ ಹೇಳುತ್ತಿದ್ದಳು. "ಅಂಗೈಯಾಗ ಇಟ್ಕೊಂಡು ಕೂತ್ರ ಕರಗಿ ಹೋಗ್ತದ. ತಿಂದವರು ಯಾರು ಅಂದ್ರ ಯಾರೂ ಅಲ್ಲ."

ಅತ್ತೆಯದು ಬೇರೆ ರಾಗ. "ನನ್ನ ಸಾವಿಗೂ ಒಂದು ಕಿಸೆ ಅದ. ತುಂಬೇದೋ ಇಲ್ಲೋ ಅಂತ ದಿನಾ ಮುಟ್ಟಿ ನೋಡ್ತೀನಿ. ತುಂಬೋತನಕಾ ಈಕಿ ನನ್ನ ಸಾಯ್ಲಿಕ್ಕೆ ಬಿಡಂಗಿಲ್ಲ," ಎಂದು ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

ಎಲ್ಲಕ್ಕಿಂತ ಕೆಳಗೆ, ಚಂದ್ರಕಾಳಿ ಸೀರೆಯ ತುಂಡಿನಿಂದ ಹೊಲಿದ ಕಪ್ಪು ಕಿಸೆಯೊಂದಿತ್ತು. ಅದನ್ನು ತುಂಬುವಾಗ ಮಾತ್ರ ಗೋದಕ್ಕ ಹೆಸರು ಹೇಳುತ್ತಿರಲಿಲ್ಲ. ಕೇಳಿದರೆ, "ಇರ್ಲಿ ಬಿಡ ಗಂಗಾ," ಅನ್ನುತ್ತಿದ್ದಳು. ಬಂಗಾರ ಮಾಡಿಸುತ್ತಿದ್ದಾಳೆ ಎಂದು ನಾನು ಖಾತ್ರಿ ಮಾಡಿಕೊಂಡೆ. ಒಂದು ರಾತ್ರಿ ಕನಸಿನಲ್ಲಿ ಅವಳ ಕೈಯಲ್ಲಿ ಪಾಟಲಿಗಳನ್ನೂ ಕಂಡೆ. ಬೆಳಿಗ್ಗೆ ಎದ್ದು ಅವಳೊಡನೆ ಮಾತಾಡಲಿಲ್ಲ.

ಬಳೆಗಾರ ಓಣಿಗೆ ಬಂದರೆ ನಾನು ಮೊದಲು ಕೈ ಚಾಚಿ, ಆಮೇಲೆ ರೊಕ್ಕ ಹುಡುಕುವವಳು. ಗೋದಕ್ಕ ಹೊಸ್ತಿಲಲ್ಲೇ ನಿಂತು, "ಹಬ್ಬದ ಕಿಸೆ ಇನ್ನೂ ಹಸಿ ಅದ ಅಪ್ಪಾ, ಪಂಚಮಿಗೆ ಬಾ," ಎಂದು ಕಳಿಸಿಬಿಡುತ್ತಿದ್ದಳು. ನಾನು ಬಳೆ ಆಡಿಸಿ ಅವಳ ಮುಂದೆ ಓಡಾಡುತ್ತಿದ್ದೆ. ಪಂಚಮಿಯ ದಿನ ಅವಳು ಇಳಕಲ್ ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಹೊರಬಂದಳು. ಅಂಗಡಿಯವನಿಗೆ ಒಂದು ಬಿಲ್ಲಿಯ ಬಾಕಿಯೂ ಇರಲಿಲ್ಲ. ನನ್ನ ಬಳೆಗಳು ಅಷ್ಟರಲ್ಲಿ ಒಡೆದಿದ್ದವು.

"ಗೋದಕ್ಕನ್ನ ನೋಡಿ ಕಲಿ," ಎಂದರು ನಮ್ಮವರು.

"ರಾಘಪ್ಪನ್ನ ನೋಡಿ ನೀವೂ ಕಲೀರಿ. ಆತ ದಾರ್ಯಾಗ ಭಜಿ ತಿಂದ ಬರಂಗಿಲ್ಲ," ಎಂದೆ.

ಆದರೂ ಮರುತಿಂಗಳು ನಾನೂ ಗುಟ್ಟಾಗಿ ಕಿಸೆ ಹೊಲಿದೆ. ಅವಳಿಗಿಂತ ಎರಡು ಹೆಚ್ಚೇ. ಎಂಟು ದಿನ ಕಳೆಯುವುದರೊಳಗೆ ಜೋಳದ ಕಿಸೆ ಹೂವಿನ ಕಿಸೆಗೆ ಕೊಟ್ಟಿತ್ತು, ಎಣ್ಣೆಯದು ಭಜಿಗೆ ಕೊಟ್ಟಿತ್ತು, ಔಷಧದ್ದು ಎಲ್ಲರಿಗೂ ಕೊಟ್ಟು ಸುಮ್ಮನಾಗಿತ್ತು. ಒಂದು ಮನೆಯೊಳಗೇ ಇಷ್ಟು ಕೈಗಡ ನಡೆದಾಗ ಕಿಸೆಗಳಾದರೂ ಏನು ಮಾಡಿಯಾವು? ನಾನು ಮತ್ತೆ ಬಟ್ಟಲು ಹಿಡಿದು ಮೋಟುಗೋಡೆಗೆ ಬಂದೆ. ಇಂದು ಸಕ್ಕರೆ, ನಾಳೆ ಒಳ್ಳೆಣ್ಣೆ, ನಾಡಿದ್ದು ಬೇಳೆ. ಗೋದಕ್ಕ ಒಂದು ದಿನವೂ ಇಲ್ಲ ಅನ್ನಲಿಲ್ಲ. ಅದಕ್ಕೂ ನನಗೆ ಸಿಟ್ಟೇ ಬರುತ್ತಿತ್ತು.

ಅವಳ ಒಲೆ ಇದ್ದದ್ದು ನಮ್ಮ ಅಡುಗೆಮನೆಯ ಗೋಡೆಯ ಆಚೆ ಮಗ್ಗುಲಿಗೆ. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ ನಾನು ಕಿವಿ ಕೊಡುತ್ತಿದ್ದೆ. ಸಪ್ಪಳ ಜಾಸ್ತಿಯಾದರೆ ಯಾರೋ ಬಂದಿದ್ದಾರೆ, ಬೀಗರ ಕಿಸೆ ತುಂಬಿದೆ ಎಂದು ಹೊಟ್ಟೆ ಉರಿಯುತ್ತಿತ್ತು.

ಹೀಗಿರುವಾಗ ಒಂದು ತಿಂಗಳು ಪಗಾರವೇ ಬರಲಿಲ್ಲ. ಸಾಹುಕಾರ ಮದುವೆಗೆಂದು ಸೊಲ್ಲಾಪುರಕ್ಕೆ ಹೋದವನು ಅಲ್ಲೇ ಜ್ವರ ಬಂದು ಮಲಗಿದ್ದ. ತಿಜೋರಿಯ ಕೀಲಿ ಅವನ ಉಡದಾರದಲ್ಲಿತ್ತು. ಉಡದಾರ ಸೊಲ್ಲಾಪುರದಲ್ಲಿತ್ತು.

ನಮಗೇನೂ ತ್ರಾಸಾಗಲಿಲ್ಲ. ಕಿರಾಣಿ ಅಂಗಡಿಯ ದಾವಲಸಾಬ ಉದ್ರಿ ಕೊಟ್ಟ. "ತಗೊಂಡ ಹೋಗ ಯವ್ವಾ. ನಿನ್ನ ಹೆಸರ ಬರದ ಬರದ ನನ್ನ ಅಕ್ಷರ ದುಂಡಗಾಗ್ಯಾವು," ಎಂದ. ಗೋದಕ್ಕನ ಹೆಸರು ಅವನ ಉದ್ರಿ ಪುಸ್ತಕದಲ್ಲಿ ಇರಲೇ ಇಲ್ಲ. ಕೇಳಿದ್ದರೆ ಎರಡು ಕೈಯಿಂದ ಕೊಡುತ್ತಿದ್ದ. ಅವಳು ಕೇಳಲಿಲ್ಲ.

ಗೋಡೆಯಾಚೆ ರೊಟ್ಟಿಯ ಸಪ್ಪಳ ದಿನದಿನಕ್ಕೆ ಕಡಿಮೆಯಾಯಿತು. ಒಂದು ಬೆಳಿಗ್ಗೆ ನಿಂತೇಹೋಯಿತು. ಸುಳ್ಳೇಕೆ ಹೇಳಲಿ, ನನಗೆ ಮೊದಲು ಸಮಾಧಾನವೇ ಆಯಿತು. ಕಿಸೆಗಳು ಸೋತವಲ್ಲ ಎಂದು. ಮರುದಿನವೂ ಸಪ್ಪಳವಿಲ್ಲ. ನಮ್ಮ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದೆ. ಬಟ್ಟಲು ತೆಗೆದುಕೊಂಡು ಹೋದೆ.

ಮಕ್ಕಳು ನೀರುಗಂಜಿ ಕುಡಿಯುತ್ತಿದ್ದರು. ಗೋದಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

"ಏನ ಬೇಕಾಗಿತ್ತು ಗಂಗಾ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಒಂದೀಟು ಬೆಲ್ಲರಿ."

"ಮನ್ಯಾಗ ಇಲ್ಲ. ನಿಲ್ಲು," ಎಂದು ಅವಳು ಕಿಸೆಗಳ ಹತ್ತಿರ ಹೋದಳು. ಹಸಿರು, ಹಳದಿ, ಕೆಂಪು ಎಲ್ಲವೂ ಬತ್ತಿದ ಕೆಚ್ಚಲಿನಂತೆ ಗೋಡೆಗೆ ಅಂಟಿದ್ದವು. ಅತ್ತೆಯ ಸಾವಿನ ಕಿಸೆ ಬಿಟ್ಟರೆ ಕಪ್ಪು ಕಿಸೆಯೊಂದೇ ಉಬ್ಬಿತ್ತು. ಅದರೊಳಗಿಂದ ಚಿಲ್ಲರೆ ತೆಗೆದು ನನ್ನ ಬಟ್ಟಲಿಗೆ ಹಾಕಿದಳು. "ದಾವಲಸಾಬನ ಅಂಗಡಿಂದ ತರ್ಸಿಕೋ."

"ಇದು ಯಾವ ಕಿಸೇರಿ ಗೋದಕ್ಕಾರ?"

ಅವಳು ಕಿಸೆಯ ಬಾಯಿ ಮಡಚಿದಳು. ಕಂಬದ ಹತ್ತಿರದಿಂದ ಅತ್ತೆ ಹೇಳಿದಳು: "ನಿಂದ ಅದು. ದಿನಾ ಬಟ್ಟಲಾ ಹಿಡ್ಕೊಂಡು ಬರ್ತೀಯಲ್ಲ, ಅದರದು."

"ಅತ್ಯಾ, ಸುಮ್ನಿರ್ರಿ."

"ಯಾಕ ಸುಮ್ನಿರ್ಲಿ? ಆಕಿ ಬೇಡೋದಕ್ಕೂ ಕಿಸೆ ಅದ, ನಾ ಸಾಯೋದಕ್ಕೂ ಅದ. ನಾವು ಉಣ್ಣೋದಷ್ಟ ಖಾಲಿ."

ಬಂಗಾರದ ಪಾಟಲಿಗಳೆಂದು ನಾನು ಎರಡು ವರ್ಷ ಉರಿದದ್ದು ನನ್ನದೇ ಸಕ್ಕರೆ, ನನ್ನದೇ ಬೇಳೆಗೆ.

"ಇಷ್ಟು ರೊಕ್ಕ ಗ್ವಾಡಿಗೆ ತೂಗಹಾಕಿ ಮಕ್ಕಳಿಗೆ ಗಂಜಿ ಕುಡಸ್ತೀರಿ?"

"ಅದಕ್ಕ ಹೆಸರಿಟ್ಟಾಗ್ಯದ ಗಂಗಾ. ಒಬ್ಬರ ಹೆಸರಿಂದು ಇನ್ನೊಬ್ಬರ ಹೊಟ್ಟಿಗೆ ಹಾಕ್ಲಿಕ್ಕೆ ಬರಂಗಿಲ್ಲ. ಇವತ್ತ ಒಂದು ಕಿಸೆಕ ಕೈ ಹಾಕಿದ್ರ ನಾಳೆ ಎಲ್ಲಾಕ್ಕೂ ಹಾಕ್ತೀನಿ."

ಎಲ್ಲಾಕ್ಕೂ ಕೈ ಹಾಕಿದವಳು ನಾನೇ ಅವಳ ಎದುರಿಗೆ ನಿಂತಿದ್ದೆ. ಹಸಿದಾಗಲೂ ಈಕೆ ನನಗಿಂತ ನೆಟ್ಟಗಿದ್ದಾಳಲ್ಲ ಎಂದು ಆಗ ಆದ ಮತ್ಸರದಷ್ಟು ಇಳಕಲ್ ಸೀರೆಗೂ ಆಗಿರಲಿಲ್ಲ. ಆ ಮತ್ಸರವೇ ನನ್ನ ಬಾಯಿಗೆ ಮಾತು ಕೊಟ್ಟಿರಬೇಕು.

"ಅಂದ್ರ ಈ ಕಿಸೆ ನಂದು, ಹೌದಲ್ರಿ?"

"ಹೌದು."

"ನಂದಾದ್ರ, ಇದರಾಗ ಏನು ತರಸ್ಬೇಕು ಅನ್ನೋದು ನನ್ನ ಮರ್ಜಿ. ನನಗ ಬೆಲ್ಲ ಬ್ಯಾಡ. ಜೋಳದ ಹಿಟ್ಟು ತರಸ್ರಿ, ಬ್ಯಾಳಿ ತರಸ್ರಿ. ನಿಮ್ಮ ಕೈಯಾನ ರೊಟ್ಟಿ ತಿನ್ನೂಣ ಅನಿಸೇತಿ. ನಾ ಒಬ್ಬಾಕೀನ ಕೂತು ಉಣ್ಣಂಗಿಲ್ಲ, ಎಲ್ಲಾರ್ದೂ ತಾಟು ಹಾಕ್ರಿ."

ಗೋದಕ್ಕ ನನ್ನನ್ನು ನೋಡಿದಳು, ಕಿಸೆಯನ್ನು ನೋಡಿದಳು. ಎಲ್ಲಿಯಾದರೂ ತಪ್ಪು ಸಿಕ್ಕೀತೇನೋ ಎಂದು ಹುಡುಕುತ್ತಿದ್ದಳು.

"ಲೆಕ್ಕದಾಗ ಕೂಡ್ತದ ನೋಡ ಗೋದಾ," ಎಂದಳು ಅತ್ತೆ. "ಲಗೂನ ಒಲಿ ಹಚ್ಚು, ಆಕಿ ಮನಸ್ಸು ತಿರಗೂಕಿಂತ ಮೊದ್ಲು."

ಸಂಜೆ ನಮ್ಮವರು, "ಬಾಜೂ ಮನ್ಯಾಗ ಇವತ್ತ ರೊಟ್ಟಿ ಭಾಳ ಬಡದ್ರಂತಲ್ಲ," ಎಂದರು. "ಅದರಾಗ ನನ್ನೂವೂ ಇದ್ದೂವು," ಎಂದೆ. ಅವರಿಗೆ ತಿಳಿಯಲಿಲ್ಲ. ಸೊಲ್ಲಾಪುರದಿಂದ ಕೀಲಿ ಬರುವತನಕ ನಾನು ದಿನವೂ ಹೋಗಿ ಊಟ ಬೇಡಿದೆ. ಕಪ್ಪು ಕಿಸೆಯ ರೊಕ್ಕ ಅಲ್ಲಿಯವರೆಗೂ ಸಾಕಾಯಿತು. ನಾನು ಅಷ್ಟು ಬೇಡುವವಳೆಂದು ಅವಳು ಅಂದಾಜು ಮಾಡಿದ್ದಳಲ್ಲ ಎಂಬುದು ಮಾತ್ರ ಒಳಗೊಳಗೆ ಚುಚ್ಚುತ್ತಿತ್ತು.

ಮರುವರ್ಷ ರಾಘಪ್ಪನಿಗೆ ಇಂಡಿ ಪಟ್ಟಣದಲ್ಲಿ ಹೆಚ್ಚಿನ ಪಗಾರದ ಕೆಲಸ ಸಿಕ್ಕಿತು. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಆದರೆ ಈ ಸಲ ಪಗಾರಕ್ಕಲ್ಲ, ಇಂಡಿಯಲ್ಲಿ ಅವಳ ಬಾಜೂ ಮನೆಯಲ್ಲಿ ಇರುವವಳು ಯಾರೋ, ಅವಳ ಮೇಲೆ. ಹೊರಡುವ ದಿನ ಗೋದಕ್ಕ ಕಿಸೆಗಳ ಬಟ್ಟೆಯನ್ನು ಮೊಳೆಯಿಂದ ಇಳಿಸಿ, ಕಪ್ಪು ಕಿಸೆಯನ್ನು ಅದಕ್ಕೆ ಕೂಡಿಸಿದ್ದ ಹೊಲಿಗೆಯನ್ನಷ್ಟೇ ಸೂಜಿಯಿಂದ ಬಿಚ್ಚಿ, ಕಿಸೆಯನ್ನು ನನ್ನ ಕೈಗಿತ್ತಳು. ನಾನು ಒಳಗೆ ಬೆರಳು ಹಾಕಿ ನೋಡಿದೆ.

"ಏನೂ ಇಲ್ಲ. ಚುಕ್ತಾ ಆಗ್ಯದ," ಎಂದು ನಕ್ಕಳು. ಆಮೇಲೆ ಹೇಳಿದಳು: "ನಿನಗ ನನ್ನ ಮ್ಯಾಲೆ ಹೊಟ್ಟಿಕಿಚ್ಚಿತ್ತು, ನನಗ ಗೊತ್ತಿತ್ತು. ನನಗೂ ಇತ್ತು ಗಂಗಾ. ನೀ ನಕ್ಕೋತ ಬಂದು ಕೊಡ್ರಿ ಅಂತಿದ್ದಿ. ನನಗ ಅದು ಈ ಜನ್ಮದಾಗ ಬರ್ಲಿಲ್ಲ."

ಬಸ್ಸು ಹೋಯಿತು. ಮತ್ತೆ ನಾನು ಅವಳನ್ನು ನೋಡಲಿಲ್ಲ.

ಆ ಮನೆಗೆ ಹೂವಿನ ಹಿಪ್ಪರಗಿಯ ಹೊಸ ಜೋಡಿಯೊಂದು ಬಂತು. ಎರಡು ದಿನ ಹುಡುಗಿ ತಲೆ ಎತ್ತಲಿಲ್ಲ. ಮೂರನೆಯ ದಿನ ಮೋಟುಗೋಡೆಯ ಆಚೆ ಬಂದು ನಿಂತಳು. ಕಿವಿಯಲ್ಲಿ ಹೊಸ ಬೆಂಡವಾಲಿ ಇದ್ದವು, ಅವನ್ನೂ ನೋಡಿದೆ. ಕೈಯಲ್ಲಿ ಬಟ್ಟಲು.

"ಯಕ್ಕಾ, ಒಂದೀಟು ಎಣ್ಣಿ ಇದ್ರ ಕೊಡ್ತೀರೇನ್ರಿ?"

ಕೊಟ್ಟೆ. ಆ ತಿಂಗಳ ಪಗಾರದ ದಿನ, ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು, ಮೊಳೆಗೆ ತೂಗುಹಾಕಿದ್ದ ಕಪ್ಪು ಕಿಸೆಗೆ ಒಂದು ರೂಪಾಯಿ ಹಾಕಿದೆ.